ಇಕ್ಕಟ್ಟು ಬೇರೆ, ಬಿಕ್ಕಟ್ಟು ಬೇರೆ

ಪ್ರಶ್ನೆ: ಮಲೆನಾಡಿನ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿದ್ದೇನೆ. ಈ ಸಲದ ವಾರ್ಷಿಕ ವರದಿಯಲ್ಲಿ “ಸಾಲ ವಸೂಲಿ ಬಿಗಿ ಮಾಡಿದರೆ ಸದಸ್ಯರಿಗೆ ತೊಂದರೆ, ಸಡಿಲ ಬಿಟ್ಟರೆ ಸಂಘಕ್ಕೆ ನಷ್ಟ, ಸಂಘ ಇಕ್ಕಟ್ಟಿನಲ್ಲಿದೆ” ಎಂದು ಬರೆದಿದ್ದೆ. ಆಡಳಿತ ಮಂಡಳಿಯ ಹಿರಿಯರೊಬ್ಬರು ‘ಇಕ್ಕಟ್ಟು ಎಂದರೆ ಜಾಗ ಸಾಲದಿರುವುದು’ ಎಂದು ಹೇಳಿ ಅದನ್ನು ‘ಬಿಕ್ಕಟ್ಟು’ ಎಂದು ತಿದ್ದಿದರು. ಇನ್ನೊಬ್ಬರು ‘ಸಂದಿಗ್ಧ ಪರಿಸ್ಥಿತಿ’ ಎಂದರೆ ತೂಕ ಬರುತ್ತದೆ ಎಂದರು. ಯಾವುದು ಸರಿ? ಇಕ್ಕಟ್ಟಿಗೆ ವಿರುದ್ಧಾರ್ಥಕ ಪದ ಯಾವುದು ಎಂದು ಮಗಳು ಕೇಳಿದ್ದಾಳೆ, ಅದನ್ನೂ ತಿಳಿಸಿ.

ಉತ್ತರ: ನಿಮ್ಮ ವಾಕ್ಯವನ್ನು ಯಾರೂ ಮುಟ್ಟಬೇಕಾಗಿರಲಿಲ್ಲ. ‘ಸಂಘ ಇಕ್ಕಟ್ಟಿನಲ್ಲಿದೆ’ ಎಂಬುದು ಆ ಸಂದರ್ಭಕ್ಕೆ ಹೇಳಿ ಮಾಡಿಸಿದ ಮಾತು. ‘ಬಿಕ್ಕಟ್ಟು’ ಎಂದು ತಿದ್ದಿದ್ದರಿಂದ ಮಾತಿಗೆ ತೂಕ ಬರಲಿಲ್ಲ, ಮಾತೇ ಬೇರೆಯಾಯಿತು. ವರದಿ ಓದಿದ ಸದಸ್ಯರು ಸಂಘವೇ ಮುಳುಗುತ್ತಿದೆಯೆಂದು ಹೆದರಿ ಠೇವಣಿ ವಾಪಸು ಪಡೆಯಲು ಸಾಲು ನಿಂತರೆ ಆ ಹಿರಿಯರೇ ಬಾಗಿಲಲ್ಲಿ ನಿಂತು ಸಮಾಧಾನ ಹೇಳಬೇಕಾದೀತು. ಹಾಗೆಂದು ಅವರ ಆಕ್ಷೇಪ ಪೂರ್ತಿ ಹುರುಳಿಲ್ಲದ್ದಲ್ಲ. ಅಲ್ಲಿಂದಲೇ ಶುರುಮಾಡುತ್ತೇನೆ.

ಇಕ್ಕಟ್ಟಿನ ಮೊದಲ ಅರ್ಥ ಜಾಗದ್ದೇ. ಬೆಂಗಳೂರಿನ ಚಿಕ್ಕಪೇಟೆಯ ಓಣಿಗಳು ಇಕ್ಕಟ್ಟು, ಹಬ್ಬದ ಹಿಂದಿನ ದಿನದ ಬಸ್ಸು ಇಕ್ಕಟ್ಟು, ಮದುವೆಗೆ ನೆಂಟರು ಬಂದಿಳಿದ ಮನೆ ಇಕ್ಕಟ್ಟು. ಈ ಅರ್ಥ ಇಂದಿಗೂ ಜೀವಂತವಾಗಿದೆ. ಅದರ ಬೆನ್ನಿಗೇ ಎರಡನೆಯ ಅರ್ಥ ಹುಟ್ಟಿತು: ಎರಡೂ ಕಡೆಯಿಂದ ಒತ್ತಿದಂತಾಗಿ ಅತ್ತಿತ್ತ ಅಲುಗಾಡಲು ಆಗದ ಸ್ಥಿತಿ. ಶಬ್ದವನ್ನು ಒಡೆದು ನೋಡಿದರೂ ಇದು ಕಾಣುತ್ತದೆ. ಹಳಗನ್ನಡದಲ್ಲಿ ‘ಇರ್’ ಎಂದರೆ ಎರಡು. ಅದರ ರಕಾರ ಮುಂದಿನ ವ್ಯಂಜನದಲ್ಲಿ ಕರಗಿ ಒತ್ತಕ್ಷರವಾಗುತ್ತದೆ. ಇಕ್ಕೆಲ, ಇಮ್ಮಡಿ, ಇಬ್ಬಗೆ, ಇತ್ತಂಡ ಎಲ್ಲವೂ ಹಾಗೆ ಆದವು. ಅದೇ ಸಾಲಿನಲ್ಲಿ ಇಕ್ಕಟ್ಟನ್ನೂ ‘ಇರ್ + ಕಟ್ಟು’ ಎಂದು ಬಿಡಿಸಬಹುದು. ಹಿಸುಕು, ಒತ್ತು ಎಂಬ ಅರ್ಥದ ‘ಇಱುಕು’ ಕೂಡ ಇದಕ್ಕೆ ದೂರದ್ದಲ್ಲ. ಯಾವ ದಾರಿಯಲ್ಲಿ ಬಂದರೂ ಸಿಕ್ಕುವುದು ಒತ್ತಡದ ಅರ್ಥವೇ. ತಮಿಳಿನಲ್ಲಿ ‘ಇಕ್ಕಟ್ಟು’ ಎಂಬ ಇದೇ ಶಬ್ದ ಕಷ್ಟಸ್ಥಿತಿಗೆ ಇದೆ. ತೆಲುಗಿನವರು ಬಹುವಚನದಲ್ಲಿ ‘ಇಕ್ಕಟ್ಲು’ ಎಂದು ತೊಂದರೆಗಳಿಗೆಲ್ಲ ಧಾರಾಳವಾಗಿ ಬಳಸುತ್ತಾರೆ. ಹೈದರಾಬಾದ್ ಕಡೆಯ ಪತ್ರಿಕೆ ತೆರೆದರೆ ನೀರಿಲ್ಲದ ಊರಿನ ಸುದ್ದಿಯಲ್ಲೂ ಆ ಶಬ್ದ ಕಣ್ಣಿಗೆ ಬೀಳುತ್ತದೆ. ಕನ್ನಡ ಅಷ್ಟು ಧಾರಾಳಿಯಲ್ಲ. ನಮ್ಮಲ್ಲಿ ನಲ್ಲಿ ನೀರು ಬಾರದಿರುವುದು ತೊಂದರೆ, ಇಕ್ಕಟ್ಟಲ್ಲ.

ಜಾಗದ ಕೊರತೆಯನ್ನು ಸೂಚಿಸುವ ಶಬ್ದ ಬದುಕಿನ ತೊಡಕಿಗೆ ಬರುವುದು ನಮ್ಮ ಭಾಷೆಯದೊಂದೇ ಗುಣವಲ್ಲ. ಸಂಸ್ಕೃತದ ‘ಸಂಕಟ’ಕ್ಕೂ ಮೂಲದಲ್ಲಿ ಕಿರಿದಾದ, ಒತ್ತೊತ್ತಾದ ಎಂದೇ ಅರ್ಥ, ಕಿರುದಾರಿಯೂ ಸಂಕಟವೇ. ಆಪತ್ತು ಎಂಬ ಅರ್ಥ ಅದರ ಮೇಲೆ ಬೆಳೆಯಿತು. ಅದಕ್ಕೂ ಹಿಂದೆ ವೇದದ ಭಾಷೆಯಲ್ಲಿ ‘ಅಂಹಸ್’ ಎಂಬ ಶಬ್ದವಿತ್ತು, ಅದೂ ಇರುಕನ್ನೂ ಕ್ಲೇಶವನ್ನೂ ಒಟ್ಟಿಗೇ ಹೇಳುತ್ತದೆ. ಹೀಗಾಗಿ ‘ಇಕ್ಕಟ್ಟು ಎಂದರೆ ಜಾಗ ಸಾಲದಿರುವುದು’ ಎಂದ ನಿಮ್ಮ ಹಿರಿಯರು ಮೂಲವನ್ನು ಸರಿಯಾಗಿ ಹಿಡಿದಿದ್ದಾರೆ. ಅದು ಬೆಳೆದು ಬಂದ ದಾರಿಯನ್ನು ಮಾತ್ರ ಬಿಟ್ಟಿದ್ದಾರೆ.

ಈಗ ಬಿಕ್ಕಟ್ಟಿಗೆ ಬರೋಣ. ಎರಡು ಶಬ್ದಗಳೂ ಕಿವಿಗೆ ಒಂದೇ ತರಹ ಕೇಳಿಸುವುದರಿಂದ ಗೊಂದಲವಾಗುತ್ತದೆ. ನಿಘಂಟು ತೆರೆದರೆ ಎರಡಕ್ಕೂ ‘ಕಷ್ಟ, ತೊಂದರೆ’ ಎಂದು ಸಿಗುತ್ತದೆ, ಗೊಂದಲ ಹೆಚ್ಚಾಗುತ್ತದೆ. ಇಂಥ ಶಬ್ದಗಳ ವಿಷಯದಲ್ಲಿ ನಾನು ನಿಘಂಟಿಗಿಂತ ಹೆಚ್ಚಾಗಿ ಕ್ರಿಯಾಪದವನ್ನು ನಂಬುತ್ತೇನೆ. ಒಂದು ತೊಂದರೆ ಹೇಗೆ ಮುಗಿಯುತ್ತದೆ ಎಂದು ಕನ್ನಡದಲ್ಲಿ ಹೇಳಿ ನೋಡಿ. ಸಮಸ್ಯೆಗೆ ಪರಿಹಾರ ಸಿಗುತ್ತದೆ. ಕಷ್ಟ ಕಳೆಯುತ್ತದೆ. ಕಗ್ಗಂಟನ್ನು ಬಿಡಿಸುತ್ತೇವೆ. ಗಂಡಾಂತರ ತಪ್ಪುತ್ತದೆ. ಕೊರತೆ ನೀಗುತ್ತದೆ. ಬಿಕ್ಕಟ್ಟು ಬಗೆಹರಿಯುತ್ತದೆ, ಅಥವಾ ಶಮನವಾಗುತ್ತದೆ. ಇಕ್ಕಟ್ಟು? ಇಕ್ಕಟ್ಟು ಬಗೆಹರಿಯಿತು ಎಂದರೆ ನಾಲಗೆ ಒಪ್ಪುವುದಿಲ್ಲ. ಇಕ್ಕಟ್ಟಿನಿಂದ ನಾವು ಪಾರಾಗುತ್ತೇವೆ, ಹೊರಬರುತ್ತೇವೆ, ನುಣುಚಿಕೊಳ್ಳುತ್ತೇವೆ. ಇಕ್ಕಟ್ಟು ಇದ್ದಲ್ಲೇ ಇರುತ್ತದೆ, ಜರುಗಬೇಕಾದವರು ನಾವು.

ಆರಂಭದ ಕ್ರಿಯಾಪದಗಳೂ ಇದನ್ನೇ ಹೇಳುತ್ತವೆ. ಬಿಕ್ಕಟ್ಟು ಉಂಟಾಗುತ್ತದೆ, ತಲೆದೋರುತ್ತದೆ, ಉಲ್ಬಣಿಸುತ್ತದೆ. ಅಲ್ಲಿ ಮನುಷ್ಯರ ಹೆಸರು ಹೇಳದೆಯೂ ವಾಕ್ಯ ಮುಗಿಯುತ್ತದೆ. ಇಕ್ಕಟ್ಟಿಗೆ ಯಾರಾದರೂ ಸಿಲುಕಬೇಕು, ಅಥವಾ ಯಾರನ್ನಾದರೂ ಸಿಲುಕಿಸಬೇಕು. ಅಂದರೆ ಇಕ್ಕಟ್ಟಿಗೆ ಒಬ್ಬ ಯಜಮಾನ ಬೇಕು. ಬಿಕ್ಕಟ್ಟಿಗೆ ಒಂದು ವ್ಯವಸ್ಥೆ ಸಾಕು. ಹವಾಮಾನ ಬಿಕ್ಕಟ್ಟು, ಸಾಂವಿಧಾನಿಕ ಬಿಕ್ಕಟ್ಟು, ಕೃಷಿ ಬಿಕ್ಕಟ್ಟು ಎಂದು ಸಲೀಸಾಗಿ ಹೇಳುತ್ತೇವೆ. ‘ಹವಾಮಾನ ಇಕ್ಕಟ್ಟು’ ಎಂದರೆ ನಗು ಬರುತ್ತದೆ. ಬಹುವಚನವನ್ನೂ ಗಮನಿಸಿ: ‘ದೇಶ ಹಲವು ಬಿಕ್ಕಟ್ಟುಗಳನ್ನು ಎದುರಿಸಿದೆ’ ಎಂಬ ವಾಕ್ಯ ಸಹಜ, ‘ಹಲವು ಇಕ್ಕಟ್ಟುಗಳು’ ಎಂದು ಬರೆದವರು ಕಡಿಮೆ. ಒಬ್ಬ ಮನುಷ್ಯ ಒಂದು ಹೊತ್ತಿಗೆ ಒಂದೇ ಕಡೆ ಸಿಕ್ಕಿಹಾಕಿಕೊಳ್ಳಬಲ್ಲ ಎಂಬ ಲೆಕ್ಕವೋ ಏನೋ!

ಎರಡೂ ಶಬ್ದಗಳು ಒಂದೇ ಘಟನೆಯಲ್ಲಿ ತಮ್ಮ ತಮ್ಮ ಜಾಗದಲ್ಲಿ ನಿಂತ ಒಂದು ಉದಾಹರಣೆ ನಮ್ಮ ರಾಜ್ಯದ್ದೇ ಇದೆ. 2019ರ ಜುಲೈನಲ್ಲಿ ಆಡಳಿತ ಮೈತ್ರಿಕೂಟದ ಶಾಸಕರು ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟಾಗ ರಾಜ್ಯದಲ್ಲಿ ತಲೆದೋರಿದ್ದು ರಾಜಕೀಯ ಬಿಕ್ಕಟ್ಟು. ವಿಧಾನಸಭಾಧ್ಯಕ್ಷರ ಮುಂದೆ ಒಂದು ಕಡೆ ರಾಜೀನಾಮೆ ಪತ್ರಗಳು, ಇನ್ನೊಂದು ಕಡೆ ಅದೇ ಶಾಸಕರನ್ನು ಅನರ್ಹಗೊಳಿಸಬೇಕೆಂಬ ದೂರುಗಳು. ಯಾವುದನ್ನು ಮೊದಲು ಕೈಗೆತ್ತಿಕೊಂಡರೂ ಒಂದು ಪಾಳಯ ಕೆರಳುವುದು ಖಚಿತ. ಅವರದು ಇಕ್ಕಟ್ಟು. ಆ ತಿಂಗಳ 23ರಂದು ವಿಶ್ವಾಸಮತ 99–105ರಲ್ಲಿ ಸೋತು ಸರ್ಕಾರ ಬಿದ್ದಾಗ ಬಿಕ್ಕಟ್ಟು ಒಂದು ರೀತಿಯಲ್ಲಿ ಬಗೆಹರಿಯಿತು. ಸಭಾಧ್ಯಕ್ಷರ ಇಕ್ಕಟ್ಟು ಅಲ್ಲಿಗೆ ಮುಗಿಯಲಿಲ್ಲ. ಕೆಲವೇ ದಿನಗಳಲ್ಲಿ ಒಟ್ಟು 17 ಶಾಸಕರನ್ನು ಅನರ್ಹಗೊಳಿಸಿ ಅವರು ಹೊರಬಂದರು, ಆಗ ತೊಡಕು ಶಾಸಕರ ಪಾಲಿಗೆ ಬಂತು. ಸದಸ್ಯತ್ವವೂ ಇಲ್ಲ, ಸ್ಪರ್ಧಿಸುವ ಅವಕಾಶವೂ ಇಲ್ಲ. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಉಪಚುನಾವಣೆಗೆ ನಿಲ್ಲಬಹುದು ಎಂದು ಹೇಳುವವರೆಗೆ ಅವರದು ತ್ರಿಶಂಕು ಸ್ಥಿತಿ. ವಿಶ್ವಾಮಿತ್ರ ಮೇಲಕ್ಕೆ ಕಳಿಸಿದ, ಇಂದ್ರ ಕೆಳಕ್ಕೆ ನೂಕಿದ ಆ ರಾಜನ ಕಥೆ ನಿಮಗೆ ಗೊತ್ತಿರುತ್ತದೆ. ಇಕ್ಕಟ್ಟಿನಲ್ಲಿರುವವನ ಮುಂದೆ ಆಯ್ಕೆಗಳಿರುತ್ತವೆ, ಆದರೆ ಎರಡೂ ಕೆಟ್ಟವು. ತ್ರಿಶಂಕುವಿಗೆ ಆಯ್ಕೆಯೇ ಇಲ್ಲ, ಬೇರೆಯವರು ತೀರ್ಮಾನಿಸುವವರೆಗೆ ತೂಗಾಡಬೇಕು. ಈ ಎರಡನ್ನೂ ಬೆರೆಸಬಾರದು.

ವಿಧಾನಮಂಡಲದ ಅಧಿವೇಶನ ಹತ್ತಿರ ಬಂದಾಗಲೆಲ್ಲ ‘ಸರ್ಕಾರವನ್ನು ಇಕ್ಕಟ್ಟಿಗೆ ಸಿಲುಕಿಸಲು ಪ್ರತಿಪಕ್ಷಗಳ ಸಿದ್ಧತೆ’ ಎಂಬ ತಲೆಬರಹ ಬರುತ್ತದೆ. ಸರ್ಕಾರ ಮನುಷ್ಯನಲ್ಲವಲ್ಲ ಎಂದು ನೀವು ಕೇಳಬಹುದು. ಉತ್ತರ ಕೊಡಬೇಕಾದ, ಬೆವರಬೇಕಾದ ಒಂದು ಮುಖ ಅದಕ್ಕಿದೆ. ಭಾಷೆಗೆ ಅಷ್ಟು ಸಾಕು. ನಿಮ್ಮ ಸಂಘಕ್ಕೂ ಅದೇ ನ್ಯಾಯ: ತೀರ್ಮಾನಿಸಬೇಕಾದ ಮಂಡಳಿಯಿದೆ, ಎರಡು ದಾರಿಗಳಿವೆ, ಎರಡರಲ್ಲೂ ನೋವಿದೆ. ಅಡಕೆ ಬೆಳೆಯುವ ಸೀಮೆಯವರಾದ ನಿಮಗೆ ‘ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಹಾಗೆ’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸದಸ್ಯರೂ ಬಿಡುವುದಿಲ್ಲ, ಲೆಕ್ಕಪರಿಶೋಧಕರೂ ಬಿಡುವುದಿಲ್ಲ.

‘ಅತ್ತ ದರಿ, ಇತ್ತ ಪುಲಿ’ ಎಂಬ ಗಾದೆಯೂ ಇಕ್ಕಟ್ಟಿನದೇ. ಇಲ್ಲಿನ ‘ದರಿ’ಯನ್ನು ಕೆಲವರು ‘ದಾರಿ’ ಎಂದು ಓದಿಕೊಳ್ಳುತ್ತಾರೆ. ಅತ್ತ ದಾರಿ ಇದ್ದರೆ ಹುಲಿಗೆ ಹೆದರಿ ನಿಲ್ಲುವುದೇಕೆ, ನಡೆದು ಹೋದರಾಯಿತು! ದರಿ ಎಂದರೆ ಕಮರಿ, ಕೊರಕಲು. ಮುಂದೆ ಬಿದ್ದರೆ ಸಾವು, ನಿಂತರೆ ಹುಲಿಯ ಬಾಯಿ.

ನಿಮ್ಮ ವರದಿಗೆ ನಿಜವಾಗಿ ಬೇಕಾಗಬಹುದಾದ ಇನ್ನೊಂದು ಶಬ್ದ ಮುಗ್ಗಟ್ಟು. ಯಾರೂ ಅದನ್ನು ಸೂಚಿಸದಿದ್ದುದು ನನಗೆ ಆಶ್ಚರ್ಯ. ಕೈಯಲ್ಲಿ ಹಣವಿಲ್ಲ, ಕೊಡಬೇಕಾದದ್ದು ಕೊಡಲು ಆಗುತ್ತಿಲ್ಲ ಎಂದರೆ ಅದು ಹಣದ ಮುಗ್ಗಟ್ಟು. ಕೊರತೆಯೇ ಇದರ ತಿರುಳು, ಆಯ್ಕೆಯ ಪ್ರಶ್ನೆ ಇಲ್ಲಿಲ್ಲ. ಮುಗ್ಗಟ್ಟು ಮುಂದುವರಿದರೆ ಬಿಕ್ಕಟ್ಟಾಗುತ್ತದೆ, ಅದಕ್ಕೆ ಶ್ರೀಲಂಕಾದ 2022 ಒಳ್ಳೆಯ ಸಾಕ್ಷಿ. ಮೊದಲು ಆ ದೇಶಕ್ಕೆ ಬಂದದ್ದು ವಿದೇಶಿ ವಿನಿಮಯದ ಮುಗ್ಗಟ್ಟು: ಇಂಧನ, ಔಷಧ, ಅಡುಗೆ ಅನಿಲ ತರಿಸಲು ಡಾಲರ್ ಇಲ್ಲ. ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಮರುಪಾವತಿಯನ್ನೇ ನಿಲ್ಲಿಸಬೇಕಾಯಿತು. ಜನ ಬೀದಿಗಿಳಿದರು, ಜುಲೈನಲ್ಲಿ ಅಧ್ಯಕ್ಷರು ದೇಶ ಬಿಟ್ಟರು. ಅಷ್ಟು ಹೊತ್ತಿಗೆ ಅದನ್ನು ಮುಗ್ಗಟ್ಟು ಎಂದು ಕರೆದರೆ ಸಾಲುತ್ತಿರಲಿಲ್ಲ. ವ್ಯವಸ್ಥೆಯ ಕೀಲುಗಳೇ ಕಳಚಿಕೊಂಡಿದ್ದವು. ಬಿಕ್ಕಟ್ಟು ಎಂಬ ಶಬ್ದಕ್ಕೆ ಅರ್ಹತೆ ಬಂದಿತ್ತು. ನಿಮ್ಮ ಸಂಘ ವಸೂಲಿಯಾಗದ ಸಾಲದ ನಡುವೆಯೂ ಠೇವಣಿದಾರರಿಗೆ ಕೇಳಿದಾಗ ಹಣ ಕೊಡುತ್ತಿದ್ದರೆ ಮುಗ್ಗಟ್ಟೂ ಅಲ್ಲ, ಬಿಕ್ಕಟ್ಟಂತೂ ಅಲ್ಲವೇ ಅಲ್ಲ.

ಹಿಂದಿಯಿಂದ ಅವಸರದಲ್ಲಿ ಕನ್ನಡಕ್ಕೆ ತರುವವರು ‘ಆರ್ಥಿಕ ಸಂಕಟ’ ಎಂದು ಬರೆಯುವುದನ್ನು ಈಚೆಗೆ ಕಾಣುತ್ತಿದ್ದೇನೆ. ಹಿಂದಿಯಲ್ಲಿ ಅದು ಸರಿ. ಕನ್ನಡದಲ್ಲಿ ಸಂಕಟ ದೇಹದ ಒಳಗೆ, ಹೊಟ್ಟೆಯಲ್ಲಿ, ಎದೆಯಲ್ಲಿ ಆಗುವಂಥದ್ದು. ‘ಸಂಕಟ ಬಂದಾಗ ವೆಂಕಟರಮಣ’ ಎಂಬ ಗಾದೆಯಲ್ಲಿ ಹಳೆಯ ಅರ್ಥ ಉಳಿದಿದೆ ನಿಜ, ಆದರೆ ಬ್ಯಾಂಕಿಗೆ ಸಂಕಟವಾಯಿತು ಎಂದರೆ ಅದಕ್ಕೆ ಅಜೀರ್ಣವಾದಂತೆ ಕೇಳಿಸುತ್ತದೆ. ಅಲ್ಲಿ ‘ಸಂಕಷ್ಟ’ ಒಪ್ಪುತ್ತದೆ. ಈ ಸಂಕಷ್ಟ ಎಂಬ ಶಬ್ದದ ಬಾಳೂ ಸ್ವಾರಸ್ಯದ್ದು: ಬಹುಕಾಲ ಅದು ಚೌತಿಯ ಗಣಪತಿಯ ಸುತ್ತ ಇತ್ತು, ಆಮೇಲೆ ಕಾವೇರಿಯ ನೀರಿಗೆ ಇಳಿಯಿತು. ನ್ಯಾಯಮಂಡಳಿಯ 2007ರ ಐತೀರ್ಪು ಸಾಮಾನ್ಯ ವರ್ಷದ 740 ಟಿಎಂಸಿ ಅಡಿ ನೀರನ್ನು ಹಂಚಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಅಡಿ ಸೇರಿಸಿತು. ಮಳೆ ಕೈಕೊಟ್ಟ ವರ್ಷದಲ್ಲಿ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ವಾದ ಮಾತ್ರ ಇಂದಿಗೂ ತೀರಿಲ್ಲ. ಆ ಹಂಚಿಕೆಗೆ ಕನ್ನಡ ಪತ್ರಿಕೆಗಳು ಕೊಟ್ಟ ಹೆಸರು ‘ಸಂಕಷ್ಟ ಸೂತ್ರ’. ಮಂಡ್ಯದ ರೈತರ ಬಾಯಲ್ಲೂ ಈಗ ಅದು ನೀರಾವರಿ ಶಬ್ದವೇ.

ಎರಡನೆಯ ಸಲಹೆಗೆ ಬರುತ್ತೇನೆ. ‘ಸಂದಿಗ್ಧ ಪರಿಸ್ಥಿತಿ’ ಎಂಬುದನ್ನು ಬಿಗಡಾಯಿಸಿದ ಪರಿಸ್ಥಿತಿ ಎಂಬ ಅರ್ಥದಲ್ಲಿ ಭಾಷಣಕಾರರು ಬಳಸುತ್ತಾರೆ. ನಾನು ಒಪ್ಪುವುದಿಲ್ಲ. ಸಂದಿಗ್ಧ, ಸಂದೇಹ ಎರಡೂ ಒಂದೇ ಧಾತುವಿನ ಮಕ್ಕಳು. ಯಾವುದು ಏನೆಂದು ನಿಶ್ಚಯವಿಲ್ಲದಿರುವುದು, ಎರಡು ಅರ್ಥ ಬರುವಂತಿರುವುದು ಸಂದಿಗ್ಧ. ಕರಾರುಪತ್ರದ ಒಂದು ಷರತ್ತನ್ನು ಹೀಗೂ ಓದಬಹುದು, ಹಾಗೂ ಓದಬಹುದು ಎಂದಾದರೆ ಅದು ಸಂದಿಗ್ಧ. ನಿಮ್ಮ ಸಂಘದ ಸ್ಥಿತಿಯಲ್ಲಿ ಅಸ್ಪಷ್ಟವಾದದ್ದು ಏನೂ ಇಲ್ಲ, ಎರಡು ಕಡೆಯ ನಷ್ಟವೂ ಕಣ್ಣಿಗೆ ರಾಚುವಂತಿದೆ. ಸ್ಪಷ್ಟವಾಗಿ ಕಾಣುವುದೇ ಇಕ್ಕಟ್ಟಿನ ಹಿಂಸೆ. ಜೊತೆಗೆ ಆ ‘ಪರಿಸ್ಥಿತಿ’ ಎಂಬ ಬಾಲ! ಇಕ್ಕಟ್ಟಿನ ಪರಿಸ್ಥಿತಿ, ಬಿಕ್ಕಟ್ಟಿನ ಪರಿಸ್ಥಿತಿ, ಬರದ ಪರಿಸ್ಥಿತಿ ಎಂದು ಎಲ್ಲದಕ್ಕೂ ಅಂಟಿಸುವ ಚಟ ಕಚೇರಿ ಕನ್ನಡಕ್ಕೆ ಹತ್ತಿದೆ. ಬರ ಎಂದರೆ ಸಾಕಾಗುತ್ತದೆ.

ಧರ್ಮಸಂಕಟ ಎಂಬ ಇನ್ನೊಂದು ಶಬ್ದ ನಿಮ್ಮ ತಲೆಗೆ ಬಂದಿರಬಹುದು. ಇಕ್ಕಟ್ಟಿನಲ್ಲಿ ಎರಡೂ ಕಡೆ ನಷ್ಟ ಎದುರಾದರೆ ಸಾಕು. ಧರ್ಮಸಂಕಟದಲ್ಲಿ ಎರಡೂ ಕಡೆ ಕರ್ತವ್ಯವೇ ಕರೆಯಬೇಕು. ಯುದ್ಧಕ್ಕೆ ಮುಂಚೆ ತಾನು ಕುಂತಿಯ ಮಗನೆಂದು ತಿಳಿದ ಕರ್ಣನ ಮುಂದೆ ಒಂದೆಡೆ ಒಡಹುಟ್ಟಿದವರು, ಇನ್ನೊಂದೆಡೆ ಅನ್ನ ಕೊಟ್ಟು ಮಾನ ಉಳಿಸಿದ ದುರ್ಯೋಧನ. ಅಲ್ಲಿ ಲಾಭನಷ್ಟದ ಮಾತಿಲ್ಲ. ಸಾಕ್ಷಿ ಹೇಳಬೇಕಾದ ವೈದ್ಯ, ರೋಗಿಯ ಗುಟ್ಟನ್ನು ಕಾಯಲೂ ಬದ್ಧನಾಗಿದ್ದರೆ ಅವನದು ಧರ್ಮಸಂಕಟ. ಎರಡು ಮದುವೆ ಒಂದೇ ಮುಹೂರ್ತದಲ್ಲಿ ಬಿದ್ದರೆ ಯಾವುದಕ್ಕೆ ಹೋಗುವುದು ಎಂಬುದು ಅಬ್ಬಬ್ಬಾ ಎಂದರೆ ಪೇಚು.

ಪೇಚು ಎಂದೆನಲ್ಲ, ಅದಕ್ಕೊಂದು ಮಾತು. ಪಾರಸಿಯಿಂದ ಬಂದ ಈ ಶಬ್ದಕ್ಕೆ ಮೂಲದಲ್ಲಿ ತಿರುಚು, ಸುತ್ತು ಎಂಬ ಅರ್ಥ. ಹಿಂದಿಯವರಿಗೆ ಸ್ಕ್ರೂ ಕೂಡ ‘ಪೇಚ್’. ಮರಾಠಿಯಲ್ಲಿ ಪೇಚು ಗಂಭೀರ ಶಬ್ದ, ಅಲ್ಲಿನ ರಾಜಕೀಯ ವರದಿಗಳಲ್ಲಿ ಮಂತ್ರಿಮಂಡಲಗಳೇ ಪೇಚಿನಲ್ಲಿ ಸಿಗುತ್ತವೆ. ಕನ್ನಡಕ್ಕೆ ಬಂದು ಅದು ಹಗುರವಾಯಿತು: ಪೇಚಾಟ, ಪೇಚುಮೋರೆ. ಸಿಕ್ಕಿಕೊಂಡವನನ್ನು ನೋಡುವವರಿಗೆ ಸ್ವಲ್ಪ ನಗು ಬರುವಂತಿದ್ದರೆ ಪೇಚು. ಫಜೀತಿಯದೂ ಇದೇ ಕಥೆ. ಅರಬ್ಬಿಯಲ್ಲಿ ಅವಮಾನ, ಮಾನಭಂಗ ಎಂಬಷ್ಟು ಉಗ್ರವಾದ ಅರ್ಥದಿಂದ ಹೊರಟು, ಮರಾಠಿಯ ಹಾದಿ ಹಿಡಿದು, ನಮ್ಮಲ್ಲಿಗೆ ಬರುವ ಹೊತ್ತಿಗೆ ಮಳೆಯಲ್ಲಿ ಸ್ಕೂಟರ್ ಕೆಟ್ಟು ನಿಂತವನ ಪಾಡಾಯಿತು. ತಾಪತ್ರಯವಂತೂ ಇನ್ನೂ ಎತ್ತರದಿಂದ ಇಳಿದುಬಂದದ್ದು: ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕ ಎಂದು ಶಾಸ್ತ್ರಗಳು ಎಣಿಸುವ ಮೂರು ಬಗೆಯ ದುಃಖಗಳ ಹೆಸರು ಅದು. ಈಗ ತಿಂಗಳ ಕೊನೆಯ ವಾರಕ್ಕೆ ಸೇರಿಹೋಗಿದೆ. ಧಾರವಾಡದ ಕಡೆಯ ‘ತ್ರಾಸ’ವೂ ಸಂಸ್ಕೃತದಲ್ಲಿ ಭಯ; ಮರಾಠಿಯ ನೆರೆಯಲ್ಲಿ ತೊಂದರೆಯಾಯಿತು. ಮಂಗಳೂರಿನವರು ಅದೇ ಜಾಗದಲ್ಲಿ ‘ಉಪದ್ರ’ ಎನ್ನುತ್ತಾರೆ. ಇವೆಲ್ಲ ವಾರ್ಷಿಕ ವರದಿಗೆ ಬೇಡ, ಆದರೆ ನಿಮ್ಮ ಮಂಡಳಿಯ ಸಭೆ ಮುಗಿದ ಮೇಲಿನ ಕಾಫಿಗೆ ಧಾರಾಳವಾಗಿ ಬಳಸಬಹುದು.

ಇನ್ನು ನಿಮ್ಮ ಮಗಳ ಪ್ರಶ್ನೆ. ಜಾಗದ ಅರ್ಥದಲ್ಲಾದರೆ ಇಕ್ಕಟ್ಟಿಗೆ ವಿರುದ್ಧ ಪದ ‘ವಿಶಾಲ’. ಶಾಲೆಯ ಪರೀಕ್ಷೆಗೆ ಅದನ್ನೇ ಬರೆಯಲಿ, ಅಂಕ ಕೊಡುವವರು ಅದನ್ನೇ ನಿರೀಕ್ಷಿಸುತ್ತಾರೆ. ಎರಡನೆಯ ಅರ್ಥಕ್ಕೆ ‘ವಿಶಾಲ’ ಸಾಲದು. ಇಕ್ಕಟ್ಟಿನಿಂದ ಪಾರಾದವನು ವಿಶಾಲನಾಗುವುದಿಲ್ಲ, ನಿರಾಳನಾಗುತ್ತಾನೆ. ವೇದದ ಕವಿಗಳೂ ‘ಅಂಹಸ್’ಗೆ ಎದುರಾಗಿ ಬೇಡಿದ್ದು ‘ಉರು’, ‘ವರಿವಸ್’ ಎಂಬ ಅಗಲವಾದ, ಓಡಾಡಲು ತೆರವಿರುವ ಎಡೆಯನ್ನು. ವಚನಕಾರರು ಬಯಲಿನ ಮಗ್ಗುಲಲ್ಲಿಟ್ಟು ಬಳಸಿದ ‘ನಿರಾಳ’ದಲ್ಲಿ ಆ ತೆರವು, ಅಡ್ಡಿಯಿಲ್ಲದಿರುವಿಕೆ ಎರಡೂ ಇವೆ. ಬೇಕಾದರೆ ಮಗಳು ಎರಡನ್ನೂ ಬರೆದು, ಯಾವುದು ಯಾವ ಅರ್ಥಕ್ಕೆ ಎಂದು ಕಂಸದಲ್ಲಿ ತೋರಿಸಲಿ.